ನದಿ ಇಳಿದಾಗ ನೋಡಬೇಕಾದ್ದು

ಮಿಲ್ವಾಕಿ
ಜೂನ್ 12, 1988

ವರ್ಲೀನಕ್ಕನಿಗೆ,

ನಾನು ಹೋಸಿಯಾ ಮಿನ್ನಿಫೀಲ್ಡ್. ಮೂವತ್ನಾಲ್ಕು ವರ್ಷವಾಯಿತು, ಮರೆತಿದ್ದರೆ ತಪ್ಪು ನಿಮ್ಮದಲ್ಲ. ನಿಮ್ಮ ತಮ್ಮ ಆರ್ಲಿಸ್ ಜೊತೆ, ನದಿ ದಡಕ್ಕೆ ಕಾಂಕ್ರೀಟ್ ಚಾಪೆ ಹಾಸುವ ದೋಣಿಯಲ್ಲಿ ಕೆಲಸಕ್ಕಿದ್ದವನು. ನಿಮ್ಮವ್ವ ಕಿಟಕಿಯಲ್ಲಿ ಆರಲು ಇಟ್ಟಿದ್ದ ಗೆಣಸಿನ ಪೈಯನ್ನು ತಟ್ಟೆ ಸಮೇತ ಹೊತ್ತುಕೊಂಡು ಹೋಗಿ ಸಿಕ್ಕಿಬಿದ್ದವನು.

ಅವ್ವ ಮಾರ್ಚಿನಲ್ಲಿ ತೀರಿಕೊಂಡರೆಂದು ಮೊನ್ನೆಯಷ್ಟೇ ತಿಳಿಯಿತು. ಇಲ್ಲಿಯ ನಮ್ಮ ಚರ್ಚಿಗೆ ಬರುವ ಒಬ್ಬಾಕೆ ಊರಿಗೆ ಹೋಗಿದ್ದವಳು ಅಂತ್ಯಸಂಸ್ಕಾರದ ಪುಸ್ತಿಕೆ ತಂದುಕೊಟ್ಟಳು. ಎರಡು ಸಲ ಓದಿದೆ. ಎಂಬತ್ತೊಂಬತ್ತು ವರ್ಷ ಬಾಳಿದ್ದಾರೆ, ದೇವರು ದೊಡ್ಡವನು.

ಎರಕದ ಕಾರ್ಖಾನೆಯಿಂದ ಏಪ್ರಿಲ್‌ನಲ್ಲಿ ನಿವೃತ್ತನಾದೆ. ಕೈಯಲ್ಲಿ ಹೊತ್ತು ಬೇಕಾದಷ್ಟಿದೆ. ಈ ಶರತ್ಕಾಲದಲ್ಲಿ ನಾಲ್ಕು ದಿನ ಊರಿಗೆ ಬರೋಣ ಅಂತಿದ್ದೇನೆ. ನನ್ನ ಹೆಂಡತಿ ಡೊರೀತಾ ಉತ್ತರದವಳು. "ನಿಮ್ಮೂರಲ್ಲಿ ಕೆಸರು ಬಿಟ್ರೆ ನೋಡೋಕೆ ಇನ್ನೇನಿದೆ?" ಅಂತ ಆಡಿಕೊಳ್ಳುತ್ತಾಳೆ. ನೀವು ದಿನಪತ್ರಿಕೆಯಲ್ಲಿ ಇದ್ದೀರಂತೆ. ಅಲ್ಲಿ ಈಗ ಏನೇನು ನೋಡಬಹುದು, ಏನೇನು ಮಾಡಬಹುದು, ಒಂದು ಪಟ್ಟಿ ಬರೆದು ಕಳಿಸುತ್ತೀರಾ?

ನಿಮ್ಮ,
ಹೋಸಿಯಾ

—

ಟಾಲ್ಬಟ್ಸ್ ಬ್ಲಫ್, ಮಿಸಿಸಿಪಿ
ಜೂನ್ 21, 1988

ಹೋಸಿಯಾ,

ಪೈ ನೆನಪಿದೆ. ತಟ್ಟೆ ಕೊನೆಗೂ ವಾಪಸ್ ಬರಲಿಲ್ಲ.

ನೀನು ಇಲ್ಲಿದ್ದಾಗ ಊರಿನಲ್ಲಿ ನೋಡುವಂಥದ್ದರಲ್ಲಿ ಅರ್ಧ ನಮ್ಮಂಥ ಕಪ್ಪು ಜನರಿಗೆ ಮುಚ್ಚಿತ್ತು. ಹಾಗಾಗಿ ನಿನಗೆ ಈ ಊರಿನ ಅರ್ಧ ಹೊಸದೇ. ವಾಲ್‌ನಟ್ ಬೀದಿಯ ಗ್ರಂಥಾಲಯಕ್ಕೆ ಹೋಗು. ಹನ್ನೊಂದು ಮೆಟ್ಟಿಲು ಹತ್ತಿ ಮುಂಬಾಗಿಲಲ್ಲಿ ಒಳಗೆ ಹೋಗಬಹುದು, ಯಾರೂ ತಲೆ ಎತ್ತಿ ನೋಡುವುದಿಲ್ಲ. ದಿಬ್ಬದ ಮೇಲಿನ ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತು ಟೊಮೆಟೊ ಸ್ಯಾಂಡ್‌ವಿಚ್ ತಿನ್ನು. ಅವ್ವ ಅದೇ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು, ಒಂದು ದಿನವೂ ಆ ಕಿಟಕಿ ಪಕ್ಕ ಕೂರಲಿಲ್ಲ. ಈಗಿನವರು ಉಪ್ಪು ಕಡಿಮೆ ಹಾಕುತ್ತಾರೆ. ಬಿಳಿ ಕಂಬದ ದೊಡ್ಡ ಮನೆಗಳನ್ನು ಹಳೆಯ ಕಾಲದ ಅಗಲ ಲಂಗ ತೊಟ್ಟ ಹೆಂಗಸರು ತೋರಿಸುತ್ತಾರೆ. ಆ ಕಂಬಗಳಿಗೆ ಇಟ್ಟಿಗೆ ಹೊತ್ತ ಗುಲಾಮರ ಹೆಸರೇನು ಅಂತ ಕೇಳು. ಮನೆಗಿಂತ ಆ ಹೆಂಗಸರ ಮುಖ ನೋಡುವ ಹಾಗಿರುತ್ತದೆ. ಟಮಾಲಿ ಗಾಡಿ ಈಗಲೂ ರೈಲು ಹಳಿಯ ಹತ್ತಿರವೇ ಇದೆ, ಆ ಮಾಂಸದ ಕಡುಬಿನ ಜೋಳದ ಸಿಪ್ಪೆ ಬಿಚ್ಚಿ ನಿಂತುಕೊಂಡೇ ತಿನ್ನಬೇಕು. ವಿಹಾರದ ಸ್ಟೀಮರ್ ಒಂದು ಇತ್ತು. ಈ ತಿಂಗಳು ನಿಲ್ಲಿಸಿದ್ದಾರೆ. ನೀರಿಲ್ಲ.

ನದಿಯ ಮಟ್ಟವನ್ನು ದಿನಾ ಪುಟ ಎರಡಕ್ಕೆ ನಾನೇ ಹಾಕುವುದು. ಇವತ್ತು ಅಳತೆಗೋಲಿನಲ್ಲಿ ಮೂರು ಅಡಿ. ಜೂನ್ ತಿಂಗಳಲ್ಲಿ ಇಷ್ಟು ಇಳಿದದ್ದು ನಮ್ಮ ಹಳೆಯ ಸಂಚಿಕೆಗಳಲ್ಲಿ ಎಲ್ಲೂ ಇಲ್ಲ. ಊರ ಕೆಳಗಿನ ತಿರುವಿನಲ್ಲಿ ನೀವೆಲ್ಲ ಹಾಸಿದ ಚಾಪೆಯ ಅಂಚು ಕಾಣತೊಡಗಿದೆ. ದಡ ಕೊಚ್ಚಿಹೋಗದಂತೆ ತಂತಿಯಲ್ಲಿ ಹೆಣೆದು ಮುಳುಗಿಸಿದ ಕಾಂಕ್ರೀಟ್ ಹಲಗೆಗಳನ್ನು ನೋಡಲು ಜನ ಹೋಗುತ್ತಿದ್ದಾರೆ. ಅದನ್ನೂ ಪಟ್ಟಿಗೆ ಸೇರಿಸಿಕೋ.

ಇನ್ನೊಂದು ವಿಷಯ. ನಾನು ಪತ್ರಿಕೆಯಲ್ಲಿ ಕರಡು ತಿದ್ದುವವಳು. ಹತ್ತೊಂಬತ್ತು ವರ್ಷದಿಂದ ಊರಿನ ಸಾವಿನ ಸುದ್ದಿಗಳೆಲ್ಲ ನನ್ನ ಕೈ ದಾಟಿ ಹೋಗುತ್ತವೆ. ಪ್ರತಿಯೊಂದರಲ್ಲೂ ಎರಡು ಸಾಲು ಇರಲೇಬೇಕು. 'ಇವರಿಗಿಂತ ಮೊದಲೇ ತೀರಿಕೊಂಡವರು' ಅಂತ ಒಂದು, 'ಬದುಕಿರುವವರು' ಅಂತ ಇನ್ನೊಂದು. ಅವ್ವನ ಸುದ್ದಿ ಬರೆಯುವಾಗ ಆರ್ಲಿಸ್ ಹೆಸರನ್ನು ಯಾವ ಸಾಲಿಗೆ ಹಾಕಬೇಕೋ ತಿಳಿಯದೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ಕೊನೆಗೆ ಬದುಕಿರುವವರಲ್ಲಿ ಹಾಕಿದೆ. ಅವ್ವ ಇದ್ದಿದ್ದರೆ ಅಲ್ಲೇ ಹಾಕಿಸುತ್ತಿದ್ದಳು. ಪ್ರತಿ ವರ್ಷ ಚರ್ಚಿನಲ್ಲಿ ಸತ್ತವರ ಹೆಸರು ಓದುವ ಭಾನುವಾರದ ಮುಂಚೆ ಅಲ್ಲಿಯ ಹಿರಿಯ ಡೀಕನ್ ಬಂದು ಆರ್ಲಿಸ್ ಹೆಸರು ಸೇರಿಸಲೇ ಅಂತ ಮೆತ್ತಗೆ ಕೇಳುತ್ತಿದ್ದ. ಅವಳು, "ನನ್ ಮಗ ಶಿಕಾಗೋದಲ್ಲಿದ್ದಾನೆ. ನಿಮ್ಮ ಪಟ್ಟಿ ನೀವೇ ಇಟ್ಕೊಳ್ಳಿ" ಅನ್ನುತ್ತಿದ್ದಳು.

ಖಚಿತವಿಲ್ಲದ್ದನ್ನು ಅಚ್ಚು ಹಾಕಿದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ. ಅವನನ್ನು ಕೊನೆಗೆ ನೋಡಿದವನು ನೀನು. ನಮ್ಮ ಜಗಲಿಯ ಮೇಲೆ ನಿಂತು, ಟೋಪಿ ಕೈಯಲ್ಲಿ ಹಿಡಿದು, "ಕೆಲ್ಸ ಬಿಟ್ಟು ಶಿಕಾಗೋ ರೈಲು ಹತ್ತಿದ ಕಣಕ್ಕ" ಅಂದವನು ನೀನು. ಅದು ಯಾವ ದಿನ, ಯಾವ ರೈಲು, ಅವನು ಏನಂದ, ನೆನಪಿದ್ದಷ್ಟು ಬರೆ. ಅವನ ಹೆಸರು ಸರಿಯಾದ ಸಾಲಿನಲ್ಲಿ ಇರಬೇಕು. ನನಗೆ ಬೇಕಾದ್ದು ಅಷ್ಟೇ.

ವರ್ಲೀನ್ ಟಾಲಿವರ್

—

ಮಿಲ್ವಾಕಿ
ಜುಲೈ 9, 1988

ವರ್ಲೀನಕ್ಕನಿಗೆ,

ಪಟ್ಟಿ ಚೆನ್ನಾಗಿದೆ. ಗ್ರಂಥಾಲಯದ ಮೆಟ್ಟಿಲಿನ ಮಾತು ಓದಿ ಡೊರೀತಾಳಿಗೂ ಹೇಳಿದೆ. ಹೋಟೆಲಿಗೆ ಕೋಟು ಹಾಕಿಕೊಂಡೇ ಹೋಗಬೇಕೇ? ಅಕ್ಟೋಬರಿನಲ್ಲಿ ಸೆಖೆ ಎಷ್ಟಿರುತ್ತದೆ?

ಆ ದಿನದ ವಿಷಯ ಹೆಚ್ಚು ನೆನಪಿಲ್ಲ. ವಯಸ್ಸಾಯಿತು. ರೈಲು ಅಂದಿದ್ದ, ಅಷ್ಟೇ.

ಚಾಪೆ ನೋಡುವುದು ಬೇಡ. ಎರಡು ಹಂಗಾಮು ಅದರ ಮೇಲೆ ನಡೆದಿದ್ದೇನೆ, ಸಾಕು.

ಹೋಸಿಯಾ

—

ಟಾಲ್ಬಟ್ಸ್ ಬ್ಲಫ್
ಆಗಸ್ಟ್ 14, 1988

ಹೋಸಿಯಾ,

ಕೋಟು ಬೇಡ.

ನಾನು ನಿನ್ನೆ ತಿರುವಿಗೆ ಹೋಗಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನೀರು ಅಳತೆಗೋಲಿನ ಸೊನ್ನೆಗಿಂತ ಒಂದೂಕಾಲು ಅಡಿ ಕೆಳಗಿದೆ. ಸೊನ್ನೆಯ ಕೆಳಗೂ ನದಿ ಇರುತ್ತದೆಂದು ಓದುಗರಿಗೆ ವಿವರಿಸಿ ಸಾಕಾಗಿದೆ, ದಿನಾ ಯಾರಾದರೂ ಒಬ್ಬರು ಫೋನ್ ಮಾಡಿ ತಪ್ಪು ಅಚ್ಚಾಗಿದೆ ಅನ್ನುತ್ತಾರೆ. ಚಾಪೆ ಈಗ ನಲವತ್ತು ಅಡಿಯಷ್ಟು ಹೊರಗೆ ಬಂದಿದೆ. ಒಂದೊಂದು ಹಲಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಮೇಲೆ ಒಣಗಿದ ಕೆಸರು, ಹಪ್ಪಳದ ಹಾಗೆ ಎದ್ದು ಬರುತ್ತದೆ. ಗಾಳಿ ಇರಲಿಲ್ಲ. ಅಷ್ಟು ಅಗಲದ ನದಿ, ಒಂದು ಸದ್ದೂ ಇಲ್ಲ.

ಪರ್ವಿಸ್ ಅಂತ ಒಬ್ಬ ಮುದುಕ ಅಲ್ಲಿ ಗಾಳ ಹಾಕಿಕೊಂಡು ಕೂತಿರುತ್ತಾನೆ.

"ಏನ್ ತಾಯೀ, ನೀನೂ ಮೀನ್ ಹಿಡಿಯೋಕ್ ಬಂದ್ಯಾ?" ಅಂದ.

"ಇಲ್ಲ, ನೋಡೋಕೆ ಬಂದೆ."

"ನೋಡೋದೇನು, ನೀರೇ ಇಲ್ಲ. ಇನ್ನೊಂದ್ ವಾರ ಹೀಗೇ ಇದ್ರೆ ಮೀನಿಗೆ ನಡೆಯೋದ್ ಕಲಿಸ್ಬೇಕು." ಆಮೇಲೆ ಗಾಳದ ಕೋಲಿನಿಂದ ಒಂದು ಹಲಗೆ ತೋರಿಸಿದ. "ಕೈಗಳನ್ನ ನೋಡೋಕ್ ಬಂದಿದ್ರೆ ಅಲ್ಲಿದಾವೆ ನೋಡು."

ಹಸಿ ಕಾಂಕ್ರೀಟಿನಲ್ಲಿ ಊರಿದ ಕೈಯ ಅಚ್ಚು. ಎಡಗೈ. ಉಂಗುರ ಬೆರಳು ಎರಡನೇ ಗೆಣ್ಣಿಗೆ ನಿಂತಿದೆ. ಆರ್ಲಿಸ್‌ನ ಆ ಬೆರಳು ಹತ್ತಿ ಜಿನ್ನಿನಲ್ಲಿ ಹೋದ ದಿನ ಅವನನ್ನು ಎತ್ತಿಕೊಂಡು ವೈದ್ಯರ ಹತ್ತಿರ ಓಡಿದವಳು ನಾನು. ಅಳತೆ ತೆಗೆದೆ. ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ ಏಳೂವರೆ ಇಂಚು. ನೀರಂಚಿನಿಂದ ಮೇಲಕ್ಕೆ ಇಂಥವು ಹನ್ನೆರಡು ಸಿಕ್ಕವು. ಎಲ್ಲವೂ ಎಡಗೈಯೇ. ಎಲ್ಲ ಬೆರಳುಗಳೂ ದಡದ ಕಡೆಗೆ. ಒಂದರಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಒಂದೇ ದೂರ, ಬೋರಲು ಮಲಗಿದವನು ಕೈ ಚಾಚಿದರೆ ಎಟುಕುವಷ್ಟು.

"ಹೋದ್ ವಾರ ಒಂಬತ್ತಿದ್ವು," ಅಂದ ಪರ್ವಿಸ್.

"ನೀರು ಇಳಿದಿದೆ, ಕೆಳಗಿನವು ಈಗ ಕಾಣ್ತಿವೆ."

"ಕೆಳಗಿನವಲ್ಲ ತಾಯೀ. ಮೇಲಿನ ಮೂರು."

ಅವನು ಹೇಳಿದ್ದನ್ನು ದಾಖಲಿಸುತ್ತಿದ್ದೇನೆ, ಒಪ್ಪುತ್ತಿಲ್ಲ. ಮುದುಕರು ಎಣಿಸುವಾಗ ತಪ್ಪುತ್ತಾರೆ. ಮುಂದಿನ ಸಲ ನಾನೇ ಎಣಿಸುತ್ತೇನೆ.

ಹಲಗೆ ಎರಕ ಹೊಯ್ಯುವ ಬಯಲಿನಲ್ಲಿ ನೀವಿಬ್ಬರೂ ಒಂದು ಚಳಿಗಾಲ ಕೆಲಸ ಮಾಡಿದ್ದಿರಿ. ಇದರ ಬಗ್ಗೆ ನಿನಗೆ ಗೊತ್ತಿದ್ದರೆ ಬರೆ.

ವರ್ಲೀನ್

—

ಮಿಲ್ವಾಕಿ
ಆಗಸ್ಟ್ 20, 1988

ಅಕ್ಕ,

ನಿಮ್ಮ ಪತ್ರ ಬಂದ ದಿನವೇ ಬರೆಯುತ್ತಿದ್ದೇನೆ. ಹೆದರುವಂಥದ್ದು ಏನೂ ಇಲ್ಲ. 1953ರ ಚಳಿಗಾಲದಲ್ಲಿ ಎರಕದ ಬಯಲಿನಲ್ಲಿ ಆರ್ಲಿಸ್ ಹಾಗೆ ಮಾಡುತ್ತಿದ್ದ. ಮೇಸ್ತ್ರಿ ಬೆನ್ನು ತಿರುಗಿಸಿದ ಕೂಡಲೇ ಹಸಿ ಹಲಗೆಗೆ ಕೈ ಊರುತ್ತಿದ್ದ. "ನಾನು ಮುಳುಗದೇನೇ ನದಿ ತಳ ಮುಟ್ತೀನಿ ನೋಡು" ಅಂತ ನಗುತ್ತಿದ್ದ. ಹೆಚ್ಚೆಂದರೆ ಹತ್ತು ಹನ್ನೆರಡು ಹಲಗೆ. ಅವೇ ಇವು. ಒಂದೇ ಕಡೆ ಬಂದದ್ದು ಆಕಸ್ಮಿಕ. ಒಂದೇ ದಿಕ್ಕಿಗೆ ಇರುವುದೂ ಆಕಸ್ಮಿಕ.

ಬೇರೆ ಯಾರಾದರೂ ನೋಡಿದ್ದಾರೆಯೇ? ಪತ್ರಿಕೆಯಲ್ಲಿ ಹಾಕಬೇಡಿ.

ಹೋಸಿಯಾ

—

ಟಾಲ್ಬಟ್ಸ್ ಬ್ಲಫ್
ಸೆಪ್ಟೆಂಬರ್ 18, 1988

ಹೋಸಿಯಾ,

ನಿನ್ನ ವಿವರಣೆ ನನಗೆ ಹಿಡಿಸಿತ್ತು. ಅದನ್ನೇ ಹಿಡಿದುಕೊಂಡು ಮೂರು ಭಾನುವಾರ ಹೋದೆ, ಸೀಮೆಸುಣ್ಣ ತೆಗೆದುಕೊಂಡು. ಎಣಿಸಿದ ಪ್ರತಿಯೊಂದರ ಪಕ್ಕ ಸಂಖ್ಯೆ ಬರೆದೆ. ಆಗಸ್ಟ್ ಇಪ್ಪತ್ತೆಂಟಕ್ಕೆ ಹದಿನೇಳು. ಸೆಪ್ಟೆಂಬರ್ ನಾಲ್ಕಕ್ಕೆ ಇಪ್ಪತ್ತೆರಡು. ಇವತ್ತು ಮೂವತ್ತೊಂದು. ಈ ಮೂರು ವಾರದಲ್ಲಿ ನೀರು ಎರಡು ಇಂಚು ಏರಿದೆಯೇ ಹೊರತು ಇಳಿದಿಲ್ಲ. ಹೊಸವು ಸಿಕ್ಕಿದ್ದೆಲ್ಲ ಮೇಲುಗಡೆ, ನಾನು ಆಗಸ್ಟ್‌ನಿಂದ ಓಡಾಡಿದ ಒಣ ಹಲಗೆಗಳ ಮೇಲೆ.

ಇನ್ನೊಂದು. ಹಲಗೆಯ ಮೂಲೆಯಲ್ಲಿ ಎರಕದ ವರ್ಷ ಒತ್ತಿರುತ್ತದೆ, ನಿನಗೆ ಗೊತ್ತು. ಕೆಳಗಿನ ಹನ್ನೊಂದರಲ್ಲಿ 1953 ಇದೆ. ಅದರ ಮೇಲಿನ ಎಲ್ಲದರಲ್ಲೂ 1957. ನಮ್ಮ ಕಚೇರಿಯ ಹಳೆಯ ಸಂಪುಟ ತೆಗೆದು ನೋಡಿದೆ. 1957ರ ಸೆಪ್ಟೆಂಬರಿನಲ್ಲಿ ಆ ತಿರುವಿನ ಮೇಲ್ಭಾಗಕ್ಕೆ ಹೊಸ ಚಾಪೆ ಹಾಸಿದ ಸುದ್ದಿ ಪುಟ ಮೂರರಲ್ಲಿದೆ. ಆರ್ಲಿಸ್ ಹೋಗಿ ಆಗ ಮೂರು ವರ್ಷ.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಇಲ್ಲದಿರುವುದನ್ನು ಇದೆ ಅನ್ನುವುದಿಲ್ಲ.

ಆದರೆ ನನಗೆ ವಿವರಣೆ ಗೊತ್ತಿರುವ ಒಂದು ವಸ್ತು ಇದೆ. 1954ರ ಕ್ರಿಸ್‌ಮಸ್‌ಗೆ ಅವ್ವನಿಗೆ ಸೇಂಟ್ ಲೂಯಿಯಿಂದ ಒಂದು ಕಾರ್ಡ್ ಬಂತು. 'ಚೆನ್ನಾಗಿದ್ದೇನೆ. ಹುಡುಕಬೇಡ. ಆರ್ಲಿಸ್.' ಅವ್ವ ಅದನ್ನು ಬೈಬಲ್ಲಿನಲ್ಲಿ ಇಟ್ಟುಕೊಂಡು ಮೂವತ್ಮೂರು ವರ್ಷ ಬದುಕಿದಳು. ಅಕ್ಷರ ಅವನದಲ್ಲವಲ್ಲ ಅಂತ ನಾನು ಒಮ್ಮೆ ಅಂದಿದ್ದಕ್ಕೆ, "ಬೆರಳಿಲ್ಲದ ಕೈ, ಚಳಿ ಬೇರೆ" ಅಂದಳು. ಬೆರಳು ಹೋಗಿದ್ದು ಎಡಗೈಯದು, ಅವನು ಬರೆಯುತ್ತಿದ್ದದ್ದು ಬಲಗೈಯಲ್ಲಿ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ನಿನ್ನ ಜೂನ್ ಪತ್ರ ಬಂದ ದಿನ ಆ ಕಾರ್ಡನ್ನು ಪಕ್ಕದಲ್ಲಿ ಇಟ್ಟು ನೋಡಿದೆ. ಕೈಬರಹ ನೋಡುವುದು ನನ್ನ ಹೊಟ್ಟೆಪಾಡು. ಎರಡೂ ಒಂದೇ ಕೈ, ಹೋಸಿಯಾ. ಅವತ್ತಿನಿಂದ ನನಗೆ ಗೊತ್ತು.

ಯಾರಿಗೂ ಹೇಳಿಲ್ಲ. ಬಾ. ಊರೆಲ್ಲ ತೋರಿಸುತ್ತೇನೆ, ಮಾತು ಕೊಟ್ಟಂತೆ. ಆಮೇಲೆ ಅವನು ಎಲ್ಲಿದ್ದಾನೆ ಅಂತ ನೀನು ತೋರಿಸು.

ವರ್ಲೀನ್

—

ಮಿಲ್ವಾಕಿ
ಅಕ್ಟೋಬರ್ 3, 1988

ಅಕ್ಕ,

ಹದಿನಾಲ್ಕನೇ ತಾರೀಕು ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಒಬ್ಬನೇ.

ಹೋಸಿಯಾ

—

ಮಿಲ್ವಾಕಿ
ಅಕ್ಟೋಬರ್ 30, 1988

ಮಿಸ್ ಟಾಲಿವರ್ ಅವರಿಗೆ,

ನನ್ನ ಹೆಸರು ಡೊರೀತಾ ಮಿನ್ನಿಫೀಲ್ಡ್. ನಿಮ್ಮ ಮುಖ ನಾನು ನೋಡಿಲ್ಲ, ಆದ್ದರಿಂದ ನೇರವಾಗಿ ಕೇಳುತ್ತೇನೆ. ನನ್ನ ಗಂಡನಿಗೆ ಅಲ್ಲಿ ಏನು ತೋರಿಸಿದಿರಿ?

ಕಳಿಸುವಾಗ ಹಾಡಿಕೊಂಡು ಬಟ್ಟೆ ಮಡಿಸುವ ಮನುಷ್ಯನನ್ನು ಕಳಿಸಿದ್ದೆ. ವಾಪಸ್ ಬಂದವನು ಊಟ ಮಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಅಷ್ಟೇ. ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದು ಅನ್ನುತ್ತಾನೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಎಂದೂ ಕೇಳಿದವನಲ್ಲ. ಓದುತ್ತೇನೆ. ಪ್ರತಿ ವಾಕ್ಯ ಮುಗಿದಾಗಲೂ ಕೈ ಎತ್ತಿ ನಿಲ್ಲಿಸುತ್ತಾನೆ. ತಲೆ ಒಂದು ಪಕ್ಕಕ್ಕೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾನೆ. ನನ್ನ ಮಾತನ್ನಲ್ಲ. ನನ್ನ ಮಾತು ಮುಗಿದ ಮೇಲಿನದ್ದನ್ನು. ಆಮೇಲೆ "ಸರಿ, ಮುಂದೆ" ಅನ್ನುತ್ತಾನೆ.

ನಿನ್ನೆ ನಾನು ಕೋಳಿಮಾಂಸದ ಜಾಹೀರಾತು ಓದುತ್ತಿದ್ದೆ. ಅದಕ್ಕೂ ಹಾಗೇ ಕಾದ. "ಯಾರಿಗ್ ಕಾಯ್ತಿದ್ದೀಯ ಮಾರಾಯ, ಕೋಳೀನೇ ಎದ್ದು ಬಂದು ಸಾಕ್ಷಿ ಹೇಳ್ಬೇಕಾ?" ಅಂದೆ. ನಗಲಿಲ್ಲ. "ಡೊರೀತಾ, ವರ್ಲೀನಕ್ಕನಿಗೆ ಬರೆದು ಕೇಳು. ನನ್ನಿಂದ ಆಗಲ್ಲ" ಅಂದ.

ಕೇಳುತ್ತಿದ್ದೇನೆ.

ಡೊರೀತಾ ಮಿನ್ನಿಫೀಲ್ಡ್

—

ಟಾಲ್ಬಟ್ಸ್ ಬ್ಲಫ್
ನವೆಂಬರ್ 6, 1988

ಡೊರೀತಾ,

ಬಸ್ಸು ಹತ್ತುವಾಗ ಅವನು ನನಗೂ ಅದನ್ನೇ ಹೇಳಿದ. "ಅವ್ಳು ಕೇಳಿದ್ರೆ ನೀವೇ ಬರೀರಿ, ಒಂದೂ ಬಿಡ್ಬೇಡಿ" ಅಂತ. ಹಾಗಾಗಿ ಒಂದನ್ನೂ ಬಿಡುತ್ತಿಲ್ಲ. ಕೂತುಕೊಂಡು ಓದು.

ಶುಕ್ರವಾರ ಹೋಟೆಲಿಗೆ ಹೋದೆವು. ಕಿಟಕಿ ಪಕ್ಕ ಕೂತು ಅವನು ಎರಡು ಸ್ಯಾಂಡ್‌ವಿಚ್ ತಿಂದ. ಶನಿವಾರ ಗ್ರಂಥಾಲಯದ ಮೆಟ್ಟಿಲು ಹತ್ತಿದ, ಹತ್ತಿ ಇಳಿದು ಮತ್ತೆ ಹತ್ತಿದ. ಬಿಳಿ ಕಂಬದ ಮನೆಯಲ್ಲಿ ಲಂಗದ ಹೆಂಗಸನ್ನು ನಾನು ಹೇಳಿಕೊಟ್ಟ ಪ್ರಶ್ನೆ ಕೇಳಿದ; ಆಕೆ ಪರದೆಯ ಬಟ್ಟೆ ಫ್ರಾನ್ಸಿನದು ಅಂದಳು. ನಾವಿಬ್ಬರೂ ಬೀದಿಗೆ ಬಂದು ಗೋಡೆ ಹಿಡಿದುಕೊಂಡು ನಕ್ಕೆವು. ಭಾನುವಾರ ಚರ್ಚ್, ಆಮೇಲೆ ಟಮಾಲಿ. ಆ ಮೂರು ದಿನ ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನೇ, "ನಡೀರಿ ಅಕ್ಕ, ಹೋಗೋಣ" ಅಂದ.

ಕೈ ಅಚ್ಚುಗಳ ವಿಷಯ ಅವನು ನಿನಗೆ ಹೇಳಿಲ್ಲದಿದ್ದರೆ, ನನ್ನ ಹಿಂದಿನ ಪತ್ರಗಳು ಅವನ ಹತ್ತಿರ ಇವೆ, ಓದು. ಅವತ್ತು ನಲವತ್ತಾರು ಇದ್ದವು. ಎಲ್ಲಕ್ಕಿಂತ ಮೇಲಿನದಕ್ಕೂ ದಡದ ಹುಲ್ಲಿಗೂ ನಡುವೆ ಒಂದೇ ಹಲಗೆ ಉಳಿದಿತ್ತು. ಹೋಸಿಯಾ ಮೊದಲನೆಯದರ ಹತ್ತಿರ ಮಂಡಿಯೂರಿ, "ಅವ್ನ ಕೈಯೇ" ಅಂದ. ಆಮೇಲೆ ನೀರಿನ ಒಂದು ಜಾಗ ತೋರಿಸಿದ. ದಡದಿಂದ ಇನ್ನೂರು ಅಡಿ ಇರಬಹುದು. "ಅಲ್ಲಿ. ಚಾಪೆ ಅಡೀಲಿ."

ನಾನು ಅವನ ಎದುರು ಒಂದು ಹಲಗೆಯ ಮೇಲೆ ಕೂತು ಹೇಳಿಕೆ ಬರೆದುಕೊಂಡೆ. ಹೇಳಿಕೆ ಇಷ್ಟು. ದೋಣಿಯ ಮೇಲೆ ಹಲಗೆಗಳನ್ನು ತಂತಿಯಿಂದ ಕಟ್ಟುತ್ತಿದ್ದ ಹಾಗೆ ದೋಣಿ ಹಿಂದೆ ಸರಿಯುತ್ತದೆ, ಚಾಪೆ ಅಂಚಿನಿಂದ ಜಾರಿ ನದಿಗೆ ಇಳಿಯುತ್ತದೆ. ಅಂಚಿನಲ್ಲಿ ನಿಲ್ಲುವವನಾಗಲಿ ಅವನ ಹಿಂದಿರುವವನಾಗಲಿ ತೋಳು ಎತ್ತಿದರೆ ಯಂತ್ರ ನಿಲ್ಲುತ್ತದೆ. 1954ರ ಅಕ್ಟೋಬರ್ ಒಂಬತ್ತರಂದು ಅಂಚಿನ ಸರದಿ ಹೋಸಿಯಾನದು. ತನ್ನ ಬೂಟಿನ ಹಿಡಿತದ ಮೊಳೆ ಸವೆದಿದ್ದವು ಅಂತ ಆರ್ಲಿಸ್‌ನನ್ನು ಅಲ್ಲಿ ನಿಲ್ಲಿಸಿ ತಾನು ಹಿಂದೆ ನಿಂತಿದ್ದ. ಆರ್ಲಿಸ್‌ನ ಕಾಲು ತಂತಿಯ ಕುಣಿಕೆಗೆ ಸಿಕ್ಕಿತು. ಅವನು ಹೋದ. ಬೇರೆ ಯಾರೂ ನೋಡಲಿಲ್ಲ. ದೋಣಿಯಲ್ಲಿ ಒಂದು ಫಲಕ ಇರುತ್ತದೆ. ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ದೋಣಿಯಲ್ಲಿದ್ದರೆ ಎಡಕ್ಕೆ, ದಡಕ್ಕೆ ಇಳಿದರೆ ಬಲಕ್ಕೆ. ಸಂಬಳವಾದ ಮೇಲೆ ಹೇಳದೆ ಕೇಳದೆ ಇಳಿದು ಹೋಗುವವರು ವಾರಕ್ಕೆ ನಾಲ್ಕು ಜನ ಇರುತ್ತಿದ್ದರು, ಬಲಕ್ಕಿರುವ ಬಿಲ್ಲೆಯ ಬಗ್ಗೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ನಿನ್ನ ಗಂಡ ಆರ್ಲಿಸ್‌ನ ಬಿಲ್ಲೆಯನ್ನು ಬಲಕ್ಕೆ ಹಾಕಿದ. ಮೇಸ್ತ್ರಿ ಅದನ್ನು ನೋಡಿ 'ಕೆಲಸ ಬಿಟ್ಟ' ಅಂತ ಬರೆದುಕೊಂಡ. ಕಾರ್ಡ್ ಆಮೇಲಿನದು. ಅದು ಅವ್ವನ ಸಮಾಧಾನಕ್ಕೆ ಅಂದ. ನಾನು ಅದನ್ನೂ ಬರೆದುಕೊಂಡೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳುತ್ತ ಕೂರಬೇಕು. ತಪ್ಪು ಬಂದಲ್ಲಿ ಕೇಳುವವರು 'ಅಲ್ಲ' ಅನ್ನಬೇಕು, ಬೇರೆ ಒಂದು ಮಾತೂ ಆಡಬಾರದು. ಓದುವವರು ನಿಲ್ಲಿಸಿ, ತಿದ್ದಿ, ಮೊದಲ ಸಾಲಿನಿಂದ ಮತ್ತೆ ಓದಬೇಕು. ಇದನ್ನು ಹೋಸಿಯಾನಿಗೆ ಹೇಳಿ ಅವನ ಹೇಳಿಕೆಯನ್ನು ಓದಲು ಶುರುಮಾಡಿದೆ.

'ಅವನು ಒಂದೇ ಸಲಕ್ಕೆ ಹೋದ. ಕೂಗಲಿಲ್ಲ. ಮಾಡುವಂಥದ್ದು ಏನೂ ಇರಲಿಲ್ಲ.'

"ಅಲ್ಲ."

ನಾನು ಪೆನ್ನು ತೆಗೆದು, "ಯಾವ್ದು ಅಲ್ಲ?" ಅಂದೆ.

ಅವನು ನನ್ನನ್ನೇ ನೋಡುತ್ತಿದ್ದ. "ಏನು?"

"ಅಲ್ಲ ಅಂದ್ಯಲ್ಲ."

"ನಾನಾ? ನೀವ್ ಅಂದ್ರಿ ಅಕ್ಕ."

ನಾನು ಸುತ್ತ ನೋಡಿದೆ. ಪರ್ವಿಸ್ ಅವತ್ತು ಬಂದಿರಲಿಲ್ಲ. ದಡ ಎರಡೂ ಕಡೆ ಅರ್ಧ ಮೈಲಿ ಕಾಣುತ್ತದೆ, ಯಾರೂ ಇರಲಿಲ್ಲ. ಧ್ವನಿ ಗಂಡಸಿನದು, ಜೋರಾಗಿರಲಿಲ್ಲ. ನನ್ನ ಹಿಂದಿನಿಂದ ಬಂತೋ ಮುಂದಿನಿಂದಲೋ ಹೇಳಲಾರೆ. ಕೇಳಿದ್ದು ಮಾತ್ರ ಕೇಳಿದೆ.

ಹೋಸಿಯಾ ತನ್ನ ಎರಡೂ ಕೈ ನೋಡಿಕೊಂಡ. ಆಮೇಲೆ ಹೇಳಿದ. ಅವನ ಮಾತಿನಲ್ಲೇ ಬರೆಯುತ್ತೇನೆ.

"ಕೂಗಿದ. ಎರಡ್ ಸಲ. 'ಹೋಸೀ, ಹೋಸೀ' ಅಂತ. ಕಾಲ್ ಸಿಕ್ಕಿತ್ತು, ಇನ್ನೂ ಮೇಲೇ ಇದ್ದ. ನಾನು ತೋಳೆತ್ತಿದ್ರೆ ನಿಲ್ತಿತ್ತು. ಅದ್ರ ಹಿಂದಿನ ವಾರವಷ್ಟೇ ಸುಮ್ನೆ ಚಾಪೆ ನಿಲ್ಲಿಸ್ದ ಅಂತ ಒಬ್ಬನ್ನ ಹಲ್ ಮುರಿಯೋ ಹಾಗೆ ಹೊಡ್ದಿದ್ರು. ಜಾಗ ಬದ್ಲಿಸಿದ್ದು ಬೇರೆ ಗೊತ್ತಾಗತ್ತೆ. ಅಷ್ಟೇ ಯೋಚ್ನೆ ಮಾಡಿದ್ದು ಅಕ್ಕ. ಮೂರೆಣಿಸೋವಷ್ಟು ಹೊತ್ತು. ಅವ್ನು ನನ್ನೇ ನೋಡ್ತಿದ್ದ. ಎಡಗೈ ಹಲಗೆ ಮೇಲ್ ಊರಿ ಮೇಲಕ್ಕೆ ಬರೋಕ್ ನೋಡ್ತಿದ್ದ. ಎತ್ಲಿಲ್ಲ. ನಾನು ಎತ್ಲಿಲ್ಲ."

ಆ ಮೂರು ವಾಕ್ಯ ಹೊಡೆದುಹಾಕಿ ಇದನ್ನು ಬರೆದೆ.

ನಿನ್ನ ಗಂಡನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಅವ್ವ ರೈಲಿನ ಸದ್ದಿಗೆ ಎದ್ದು ಬಾಗಿಲಿಗೆ ಬರುತ್ತಿದ್ದ ಮೂವತ್ಮೂರು ವರ್ಷವನ್ನು ಅವನು ವಾಪಸ್ ಕೊಡಲಾರ. ಆದರೆ ಅವನು ಬಂದ, ತೋರಿಸಿದ. ಹೇಳಿಕೆಯ ಒಂದು ಪ್ರತಿ ಅವನ ಹತ್ತಿರ ಇದೆ. ಯಾರಿಗೆ ಕೊಡಬೇಕೆಂಬುದನ್ನು ಅವನಿಗೇ ಬಿಟ್ಟಿದ್ದೇನೆ. ನಮ್ಮ ಪತ್ರಿಕೆಯ ಅಕ್ಟೋಬರ್ ಹತ್ತೊಂಬತ್ತರ ಸಂಚಿಕೆ, ಪುಟ ಎರಡರಲ್ಲಿ ತಿದ್ದುಪಡಿ ಬಂದಿದೆ. ಮಾರ್ಚಿನಲ್ಲಿ ಪ್ರಕಟವಾದ ಎಸ್ಸೀ ಟಾಲಿವರ್ ಅವರ ನಿಧನವಾರ್ತೆಯಲ್ಲಿ ಮಗ ಆರ್ಲಿಸ್ ಹೆಸರು ಮೊದಲೇ ತೀರಿಕೊಂಡವರ ಸಾಲಿನಲ್ಲಿ ಇರಬೇಕಿತ್ತು ಅಂತ. ಅಚ್ಚಿಗೆ ಹೋಗುವ ಮುಂಚೆ ನಾನೇ ಓದಿದೆ. ಮಳೆ ಬಿದ್ದು ನದಿ ಈಗ ಏಳು ಅಡಿಗೆ ಏರಿದೆ, ಚಾಪೆ ಪೂರ್ತಿ ಮುಳುಗಿದೆ.

ಅವನು ಯಾರಿಗೆ ಕಾಯುತ್ತಾನೆ ಅಂತ ಕೇಳಿದೆಯಲ್ಲ. ಅವನಿಗೆ ಓದಿಹೇಳುವುದನ್ನು ನಿಲ್ಲಿಸಬೇಡ. ಅವನು ಕಾದಷ್ಟು ಹೊತ್ತು ನೀನೂ ಕಾಯಿ.

ಅವತ್ತು ತಿದ್ದಿದ ಮೇಲೆ ನಿಯಮದ ಪ್ರಕಾರ ಮೊದಲ ಸಾಲಿನಿಂದ ಮತ್ತೆ ಓದಿದೆ. 'ಎರಡು ಸಲ ಕೂಗಿದ' ಎಂಬಲ್ಲಿ ನಿಲ್ಲಿಸಿದೆ. 'ನಾನು ತೋಳು ಎತ್ತಲಿಲ್ಲ' ಎಂಬಲ್ಲಿ ನಿಲ್ಲಿಸಿದೆ. ಇಬ್ಬರೂ ಕೇಳಿಸಿಕೊಂಡೆವು. ಹಲಗೆಯ ಸಂದುಗಳಲ್ಲಿ ನೀರು ಸ್ವಲ್ಪ ಒಳಗೆ ಹೋಗಿ, ಸ್ವಲ್ಪ ಹೊರಗೆ ಬಂತು. ಕೊನೆಯ ಸಾಲಿನವರೆಗೂ ಯಾರೂ 'ಅಲ್ಲ' ಅನ್ನಲಿಲ್ಲ.

ವರ್ಲೀನ್ ಟಾಲಿವರ್